ಹೊಳೆಯಲ್ಲಿ ಉಸಿರು ಕಟ್ಟಿದ ವ್ಯಾನಿನ ವಿಷಯವಾಗಿ ಅದನ್ನು ಕಟ್ಟಿಕೊಟ್ಟವರಿಗೆ

ಮಾನ್ಯರೇ,

ಹಳೆಯ ವ್ಯಾನುಗಳನ್ನು ಓಡಾಡುವ ಮನೆಗಳನ್ನಾಗಿಯೂ, ಅವುಗಳ ಒಡೆಯರನ್ನು ಮಹಾ ತಾಳ್ಮೆವಂತರನ್ನಾಗಿಯೂ ಮಾರ್ಪಡಿಸಿಕೊಡುವ ತಮ್ಮ ಘನ ಸಂಸ್ಥೆಗೆ, ಅದರ ಮಾಲೀಕರಾದ ತಮಗೆ, ತಮ್ಮ ಗಾಜಿನ ಕೋಣೆಯ ಗೋಡೆಯನ್ನು ಪೂರಾ ಮುಚ್ಚಿರುವ ಪ್ರಶಸ್ತಿ ಫಲಕಗಳಿಗೆ, ಮತ್ತು ನಾವು ಬಂದಾಗಲೆಲ್ಲ "ಸಾಹೇಬ್ರು ಈಗಷ್ಟೇ ಹೊರಗೆ ಹೋದ್ರು" ಎಂದು ಒಮ್ಮೆಯೂ ಬೇಸರಪಡದೆ ಹೇಳಿದ ತಮ್ಮ ಸ್ವಾಗತಕಾರಿಣಿಗೆ ಸಾದರ ವಂದನೆಗಳು. ತಾವೆಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ನಾವು ಮೂವರೂ ಕ್ಷೇಮ. ಇದರಲ್ಲಿ ತಮ್ಮ ಪಾತ್ರವೇನೂ ಇಲ್ಲವಾದ್ದರಿಂದ ಪ್ರತ್ಯೇಕವಾಗಿ ಧನ್ಯವಾದ ಹೇಳುತ್ತಿಲ್ಲ, ಮನ್ನಿಸಬೇಕು.

ಮೊದಲು ನನ್ನ ಪರಿಚಯ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು, ಬಂತೆಂದು, ಬಂದದ್ದು ನೀರಲ್ಲವೆಂದು ಜನ ಬರೆದ ಸಾವಿರಾರು ಪತ್ರಗಳನ್ನು ಓದಿ, ಪ್ರತಿಯೊಂದರ ತಲೆಯ ಮೇಲೂ "ಪರಿಶೀಲನೆಯಲ್ಲಿದೆ" ಎಂಬ ರಬ್ಬರ್ ಮುದ್ರೆ ಒತ್ತಿದ್ದೇನೆ. ಆ ಮುದ್ರೆಯ ಹಿಡಿಕೆ ನನ್ನ ಬಲ ಅಂಗೈಯಲ್ಲಿ ಕೂರಿಸಿದ ಗಂಟು ಇಂದಿಗೂ ಇದೆ. ಇಷ್ಟಾಗಿಯೂ ನಾನೇ ಕೂತು ಒಂದು ದೂರು ಬರೆದವಳಲ್ಲ. ನನ್ನ ಬದುಕಿನ ಈ ಕೊರತೆಯನ್ನು ನೀಗಿಸಿದ ಶ್ರೇಯಸ್ಸು ಸಂಪೂರ್ಣವಾಗಿ ತಮ್ಮದು. ಈಗಾಗಲೇ ತಮಗೆ ಎರಡು ಖಾಸಗಿ ಪತ್ರ ಬರೆದಿದ್ದೆ. "ನಿಮ್ಮ ಅನಿಸಿಕೆಯನ್ನು ಗೌರವಿಸುತ್ತೇವೆ" ಎಂಬ ಒಂದೇ ಸಾಲಿನ ಉತ್ತರ ಎರಡು ಸಲವೂ ಬಂತು. ಆ ಸಾಲನ್ನು ನಾನೇ ಹಿಂದೆ ಎಷ್ಟೋ ಜನರಿಗೆ ಟೈಪು ಮಾಡಿ ಕಳಿಸಿದ್ದರಿಂದ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಮೂರನೆಯದು ಬಹಿರಂಗ ಪತ್ರ.

ನಮ್ಮ ಮನೆಯವರು ಇಪ್ಪತ್ತೊಂಬತ್ತು ವರ್ಷ ಹನ್ನೊಂದನೇ ನಂಬರಿನ ಬಸ್ಸು ಓಡಿಸಿದವರು. ಆಸ್ಪತ್ರೆಯಿಂದ ಹೊರಟು ಮಾರುಕಟ್ಟೆ, ಮಾರುಕಟ್ಟೆಯಿಂದ ಹೊರಟು ಮತ್ತೆ ಆಸ್ಪತ್ರೆ. ಡಿಪೋದಲ್ಲಿ ಎಲ್ಲರೂ ಅವರನ್ನು "ಹನ್ನೊಂದು" ಎಂದೇ ಕರೆಯುತ್ತಿದ್ದರು. ಒಂದು ದಿನವೂ ಒಂದು ಸ್ಟಾಪು ಬಿಟ್ಟು ಮುಂದೆ ಹೋದವರಲ್ಲ. ಕೈ ತೋರಿಸಿದವರಿಗೆಲ್ಲ ನಿಲ್ಲಿಸಿದವರು. ಈ ಗುಣ ಬಸ್ಸಿಗೆ ಒಳ್ಳೆಯದು. ತಮ್ಮಂಥವರ ಅಂಗಡಿಗೆ ಕಾಲಿಡುವಾಗ ಎಷ್ಟು ಅಪಾಯಕಾರಿ ಎಂಬುದು ನಮಗೆ ಆಮೇಲೆ ತಿಳಿಯಿತು.

ಮೂರನೆಯವರು ನಮ್ಮತ್ತೆ. ವಯಸ್ಸು ಎಪ್ಪತ್ತೊಂಬತ್ತು. ಅವರು ಪ್ರಾಯದಲ್ಲಿ ಸರ್ವೆ ತಂಡವೊಂದಕ್ಕೆ ಅಡುಗೆ ಮಾಡುತ್ತಿದ್ದರು. ಅದೇ ತಂಡದಲ್ಲಿ ನಮ್ಮ ಮಾವ ಅಳತೆಯ ಯಂತ್ರ ಹೊರುತ್ತಿದ್ದರು. ಲಾರಿಯ ಮೇಲೆ ಡೇರೆ, ಪಾತ್ರೆ, ಸೀಮೆಎಣ್ಣೆ ಸ್ಟೋವು ಹೇರಿಕೊಂಡು, ನಕ್ಷೆ ಇನ್ನೂ ಬರೆಯದ ಜಾಗಗಳಲ್ಲಿ ಮೂರು ವರ್ಷ ತಿರುಗಿದರು. ಅದರಲ್ಲಿ ಹನ್ನೊಂದು ತಿಂಗಳು ಬೋಳು ಗುಡ್ಡವೊಂದರ ತಲೆಯ ಮೇಲೆ ಕಳೆಯಿತು. ಅದನ್ನು ಅವರು ಈಗಲೂ "ಮೂರನೇ ಕ್ಯಾಂಪು" ಎನ್ನುತ್ತಾರೆ. ನಮ್ಮ ಮನೆಯವರು ಮೊದಲ ಹೆಜ್ಜೆ ಇಟ್ಟದ್ದು ಅಲ್ಲಿಯೇ.

ಹೋದ ವರ್ಷ ಕಣ್ಣಿನ ಡಾಕ್ಟರು ಅತ್ತೆಯ ಕಣ್ಣೊಳಗೆ ಬಹಳ ಹೊತ್ತು ದೀಪ ಹಿಡಿದು ನೋಡಿ, ಕಣ್ಣಿನ ನರ ಒಣಗುತ್ತಾ ಬಂದಿದೆ, ಔಷಧಿಯಿಂದ ತಡ ಮಾಡಬಹುದೇ ಹೊರತು ತಡೆಯಲಾಗದು, ನೋಡಬೇಕಾದದ್ದು ಏನಾದರೂ ಇದ್ದರೆ ಈ ವರ್ಷವೇ ನೋಡಿಬಿಡಿ ಎಂದರು. ಅತ್ತೆ ಮನೆಗೆ ಬಂದು, ಚಪ್ಪಲಿ ಬಿಡುತ್ತಾ, ತರಕಾರಿ ತರಲು ಹೇಳುವ ದನಿಯಲ್ಲಿ ಹೇಳಿದರು: "ಹೆಚ್ಚೇನಿಲ್ಲ. ಮೂರನೇ ಕ್ಯಾಂಪಿನ ಗುಡ್ಡ ಒಂದು ನೋಡ್ಬೇಕು. ನಿಮ್ಮ ಮುಖ ದಿನಾ ನೋಡ್ತಾನೇ ಇದೀನಿ."

ಆ ಗುಡ್ಡಕ್ಕೆ ಇವತ್ತಿಗೂ ರಸ್ತೆಯಿಲ್ಲ. ಡಾಂಬರು ಮುಗಿದ ಮೇಲೆ ಇಪ್ಪತ್ತೆರಡು ಕಿಲೋಮೀಟರು: ಸ್ವಲ್ಪ ಕಲ್ಲು, ಸ್ವಲ್ಪ ಮರಳು, ಒಂದು ಹೊಳೆ, ಕೊನೆಗೆ ಏರು. ಅತ್ತೆಯ ಮಂಡಿಗೆ ನಡೆಯಲಾಗದು, ಬೆನ್ನಿಗೆ ಒಂದು ಗಂಟೆಗಿಂತ ಹೆಚ್ಚು ಕೂರಲಾಗದು. ಆದ್ದರಿಂದ ನಮ್ಮ ಮನೆಯವರು ಆಸ್ಪತ್ರೆಯವರು ಹರಾಜಿಗಿಟ್ಟಿದ್ದ ಹಳೆಯ ಆಂಬ್ಯುಲೆನ್ಸ್ ವ್ಯಾನೊಂದನ್ನು ತಂದರು. ಅದರ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುತ್ತಿತ್ತು, ಅದರ ಎಲುಬು ಗಟ್ಟಿಯಿತ್ತು. ಅದನ್ನು ತೆಗೆದುಕೊಂಡು ತಮ್ಮ ಬಳಿ ಬಂದು ನಾವು ಕೇಳಿದ್ದು ನಾಲ್ಕೇ ನಾಲ್ಕು: ಮಲಗಲು ತಗ್ಗಾದ ಒಂದು ಮಂಚ, ಒಂದು ಒಲೆ, ಒಂದು ನೀರಿನ ತೊಟ್ಟಿ, ಮತ್ತು ಮುದುಕಿಯೊಬ್ಬರು ಹತ್ತಿ ಇಳಿಯಲು ಬಾಗಿಲ ಪಕ್ಕ ಒಂದು ಹಿಡಿಕೆ. ಕಣ್ಣಿನ ವಿಷಯವನ್ನೂ ಹೇಳಿದ್ದೆವು. ತಾವು ಕೈ ಎದೆಯ ಮೇಲಿಟ್ಟುಕೊಂಡು "ಅಮ್ಮ ನಮ್ಮಮ್ಮ ಇದ್ದ ಹಾಗೆ. ಮೂರೇ ವಾರ" ಎಂದಿರಿ. ಆ ಕ್ಷಣದಲ್ಲಿ ತಮ್ಮ ಕಣ್ಣಂಚಿನಲ್ಲಿ ಕಂಡ ತೇವವನ್ನು ನಾನು ಮರೆತಿಲ್ಲ. ಪಕ್ಕದಲ್ಲಿ ಪೇಂಟು ಸಿಂಪಡಿಸುತ್ತಿದ್ದರೆಂಬುದು ಆಮೇಲೆ ಗಮನಕ್ಕೆ ಬಂತು.

ಆ ಮೂರು ವಾರ ಹತ್ತೊಂಬತ್ತು ವಾರವಾದ ಬಗೆಯನ್ನು ಇಲ್ಲಿ ದಾಖಲಿಸುವುದು ತಮ್ಮ ಕೀರ್ತಿಯ ದೃಷ್ಟಿಯಿಂದ ಅಗತ್ಯ. ನಮ್ಮ ಮನೆಯವರು ವಾರಕ್ಕೊಮ್ಮೆ ವಿಚಾರಿಸಲು ಬರುತ್ತಿದ್ದರು. ತಮ್ಮ ಕೆಲಸಗಾರರು ಅವರನ್ನು ಕೂರಿಸಿ, ಪುಸ್ತಕ ತೆರೆದು, ಹೊಸತೊಂದು ಚಿತ್ರ ತೋರಿಸುತ್ತಿದ್ದರು. "ಸಾರ್, ಮೇಲೊಂದು ಲೈಟಿನ ಸಾಲು ಹಾಕ್ಬಿಡೋಣ, ಲುಕ್ ಬರುತ್ತೆ." ಇವರು ತಲೆಯಾಡಿಸಿ ಬರುತ್ತಿದ್ದರು. ಮುಂದಿನ ವಾರ ಮುಂದಿನ ಬಂಪರಿಗೆ ವಿಂಚು, ಅಂದರೆ ಹೂತುಹೋದ ಗಾಡಿಯನ್ನು ತಂತಿ ಸುತ್ತಿ ಎಳೆದುಕೊಳ್ಳುವ ರಾಟೆ. ಅದರ ಮುಂದಿನ ವಾರ ಸ್ನಾರ್ಕೆಲ್, ಅಂದರೆ ಇಂಜಿನ್ನು ನೀರಿನಲ್ಲಿದ್ದರೂ ಛಾವಣಿಯ ಮಟ್ಟದಿಂದ ಉಸಿರು ತೆಗೆದುಕೊಳ್ಳಲು ಅನುಕೂಲವಾಗುವ ಕರಿಯ ಕೊಳವೆ. "ಬೇಡ ಅನ್ನೋಕೆ ಏನಾಗಿತ್ತು?" ಎಂದು ನಾನು ಕೇಳಿದರೆ, "ಅಷ್ಟು ಪ್ರೀತಿಯಿಂದ ಹೇಳ್ತಾರೆ ಕಣೇ" ಎನ್ನುತ್ತಿದ್ದರು.

ಅದೇ ಸಮಯದಲ್ಲಿ ಮನೆಯಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ಅದು ಮಾತ್ರ ಒಂದು ದಿನವೂ ತಡವಾಗಲಿಲ್ಲ. ವ್ಯಾನು ತಮ್ಮಲ್ಲಿಗೆ ಬಂದಾಗ ಅತ್ತೆ ಪತ್ರಿಕೆಯ ತಲೆಬರಹ ಓದುತ್ತಿದ್ದರು. ತಾವು ಡ್ರಾಯರಿನ ಮರ ಹೊರದೇಶದಿಂದ ಬರಬೇಕೆಂದಾಗ ಅವರು ಪತ್ರಿಕೆಯನ್ನು ನನ್ನ ಕಡೆ ತಳ್ಳಿ "ಓದು" ಎನ್ನಲು ಶುರು ಮಾಡಿದ್ದರು. ಪೇಂಟಿನವರು ರಜೆಯ ಮೇಲಿದ್ದಾಗ, ಅತ್ತೆ ಬಾಗಿಲಲ್ಲಿ ನಿಂತ ನನ್ನನ್ನು ಎದುರು ಮನೆಯಾಕೆ ಎಂದುಕೊಂಡು ನನ್ನ ಬಗ್ಗೆಯೇ ನನಗೆ ಎರಡು ಮಾತು ದೂರು ಹೇಳಿದರು. ಹದಿನೈದನೇ ವಾರ, ಅವರು ಲೋಟದಂಚಿಗೆ ಬೆರಳಿಟ್ಟು ಚಹಾ ಬೆರಳಿಗೆ ತಾಗಿದಾಗ ಸುರಿಯುವುದನ್ನು ನಿಲ್ಲಿಸುವುದನ್ನು ಕಂಡೆ. ಅವರು ಯಾರಿಗೂ ಏನೂ ಹೇಳಿರಲಿಲ್ಲ. ಬೆರಳು ಕೆಂಪಗಾಗಿತ್ತು.

ಆ ದಿನವೇ ನಾನು ತಮ್ಮ ಕಾರ್ಖಾನೆಗೆ ಖುದ್ದಾಗಿ ಬಂದೆ. ವ್ಯಾನು ಅಲ್ಲಿರಲಿಲ್ಲ. ಸ್ವಾಗತಕಾರಿಣಿ ಹೆಮ್ಮೆಯಿಂದ ಹೇಳಿದಂತೆ, ಅದು ಮೂರು ವಾರದಿಂದ ವಾಹನ ಮೇಳದಲ್ಲಿತ್ತು. ಹೋಗಿ ನೋಡಿದೆ. ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಸುತ್ತ ಹಗ್ಗ ಕಟ್ಟಿ, "ದಯವಿಟ್ಟು ಮುಟ್ಟಬೇಡಿ" ಎಂದು ಫಲಕ ತಗುಲಿಸಿ, ನಮ್ಮ ವ್ಯಾನನ್ನು ನಿಲ್ಲಿಸಿದ್ದಿರಿ. ನಾನೂ ಸಾಲಿನಲ್ಲಿ ನಿಂತು, ಹಗ್ಗದ ಈಚೆಯಿಂದ, ನನ್ನ ಸ್ವಂತ ವಾಹನವನ್ನು ಮುಟ್ಟದೆ ನೋಡಿಕೊಂಡು ಬಂದೆ. ಇಂಥ ಅನುಭವ ಎಲ್ಲ ಗ್ರಾಹಕರಿಗೂ ಒದಗುವುದಿಲ್ಲವೆಂದು ಬಲ್ಲೆ.

ಕೊನೆಗೆ ವ್ಯಾನು ಮನೆಯ ಮುಂದೆ ಬಂದು ನಿಂತಾಗ ಬೀದಿಯ ಜನ ಯಾರದೋ ಚುನಾವಣೆಯ ಗಾಡಿ ಎಂದುಕೊಂಡರು. ಛಾವಣಿಯ ಮೇಲೆ ಹನ್ನೆರಡು ದೀಪ, ಪಕ್ಕದಲ್ಲಿ ಹಿಮಪರ್ವತದ ಚಿತ್ರ, ಹಿಂದೆ "ದಾರಿ ಇಲ್ಲದಲ್ಲೇ ನನ್ನ ದಾರಿ" ಎಂಬ ಬರಹ. ಚಕ್ರಗಳನ್ನು ದೊಡ್ಡದು ಮಾಡಿ, ಮೈಯನ್ನು ಒಂದೂವರೆ ಅಡಿ ಎತ್ತಿದ್ದಿರಿ. ಅತ್ತೆ ಅದರ ಮೈ ಸವರುತ್ತಾ ಒಂದು ಸುತ್ತು ಬಂದು, ಕೈ ಮೇಲೆತ್ತಿದರೂ ಬಾಗಿಲ ಹಿಡಿ ಸಿಗದಿದ್ದಾಗ, "ವ್ಯಾನು ಕೊಟ್ಟಿದ್ದಕ್ಕೆ ಅಲ್ಮೇರ ಮಾಡಿ ಕಳಿಸಿದಾನೆ" ಎಂದರು. ಅಂದಿನಿಂದ ಅದರ ಹೆಸರು ಅಲ್ಮೇರ. ಒಳಗೆ ಮಂಚವಿತ್ತು, ನನ್ನ ಎದೆಯ ಮಟ್ಟಕ್ಕೆ. ಒಲೆಯಿತ್ತು. ನೀರಿನ ತೊಟ್ಟಿಯನ್ನು, ನೋಟಕ್ಕೆ ಚೆಂದವೆಂದು, ಛಾವಣಿಯ ಮೇಲೆ ಹೊರಿಸಿದ್ದಿರಿ. ಹಿಡಿಕೆ ಇರಲಿಲ್ಲ. ನಾವು ಕೇಳದ ಮೂವತ್ತು ವಸ್ತುಗಳ ನಡುವೆ ಕೇಳಿದ ಒಂದು ವಸ್ತುವಿಗೆ ಜಾಗ ಸಾಲದೆ ಹೋದದ್ದು ಸಹಜವೇ. ಅತ್ತೆ ಮಗನ ಮಂಡಿಯ ಮೇಲೆ ಕಾಲಿಟ್ಟು, ನನ್ನ ಭುಜ ಹಿಡಿದು, ಒಳಗೆ ಹೋದರು.

ಮೂರನೇ ದಿನ ಬೆಳಿಗ್ಗೆ ಹೊರಟೆವು. ಡಾಂಬರಿನ ಮೇಲೆ ಹೇಳಿಕೊಳ್ಳುವಂಥ ಕಷ್ಟವೇನೂ ಆಗಲಿಲ್ಲ. ಪ್ರತಿ ಎಡತಿರುವಿಗೂ ತಮ್ಮ ಹೊರದೇಶದ ಮರದ ಡ್ರಾಯರು ತಾನಾಗಿ ತೆರೆದು ಚಮಚಗಳನ್ನು ನನ್ನ ಮಡಿಲಿಗೆ ಹಾಕುತ್ತಿತ್ತು. ಬಲತಿರುವಿನಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನೀರಿನ ತೊಟ್ಟಿ ತಲೆಯ ಮೇಲಿದ್ದುದರಿಂದ ಅಲ್ಮೇರ ತಿರುವು ಮುಗಿದ ಮೇಲೂ ಸ್ವಲ್ಪ ಹೊತ್ತು ತೂಗುತ್ತಿತ್ತು. ಡಾಂಬರು ಮುಗಿದು ಕಲ್ಲುದಾರಿ ಶುರುವಾದ ಮೇಲೆ ಮೇಲಿನಿಂದ ಸ್ಕ್ರೂ, ಬೋಲ್ಟುಗಳು ಒಂದೊಂದಾಗಿ ಉದುರತೊಡಗಿದವು. ನಾನು ಅವನ್ನು ಆಯ್ದು ಚಹಾಪುಡಿಯ ಡಬ್ಬಿಗೆ ತುಂಬಿದೆ. ಅವು ಎಲ್ಲಿಂದ ಬಿದ್ದವೆಂದು ನಮಗೆ ಗೊತ್ತಾಗಲಿಲ್ಲ. ಅವಿಲ್ಲದೆಯೂ ಆಯಾ ವಸ್ತುಗಳು ನಿಂತೇ ಇದ್ದವು. ಎಂದರೆ, ತಾವು ಅಗತ್ಯಕ್ಕಿಂತ ಹೆಚ್ಚೇ ಹಾಕಿದ್ದೀರಿ.

ಮರಳಿನಲ್ಲಿ ಚಕ್ರ ಹೂತಿತು. ಇವರು ಒತ್ತಿದಷ್ಟೂ ಕೆಳಗೆ ಹೋಯಿತು. ಮಂಚದ ಮೇಲಿನಿಂದ ಅತ್ತೆ, "ಚಕ್ರದ ಗಾಳಿ ಇಳಿಸು" ಎಂದರು.

"ಅಮ್ಮ, ಇದು ಸ್ಪೆಷಲ್ ಟೈರು. ಹಾಗೆಲ್ಲ ಇಳಿಸಬಾರದು ಅಂದಿದಾರೆ."

"ಟೈರು ಸ್ಪೆಷಲ್ಲೇ ಇರಬಹುದು. ಮರಳು ಹಳೇದೇ ತಾನೆ. ನಮ್ಮ ಲಾರಿ ಡ್ರೈವರು ಅರ್ಧಕ್ಕರ್ಧ ಇಳಿಸ್ತಿದ್ದ. ಇಳಿಸಿ ನೋಡು."

ಇವರು ಇಳಿದು, ಬೆಂಕಿಕಡ್ಡಿಯ ತುದಿಯಿಂದ ನಾಲ್ಕೂ ಟೈರಿನ ಗಾಳಿ ಅರ್ಧ ಬಿಟ್ಟರು. ಟೈರು ಚಪ್ಪಟೆಯಾಗಿ, ಒಂಟೆಯ ಪಾದದಂತೆ ಅಗಲವಾಗಿ, ಅಲ್ಮೇರ ಮೆಲ್ಲಗೆ ಎದ್ದು ಬಂತು. ತಮ್ಮ ಅರವತ್ತು ಪುಟದ ಬಣ್ಣದ ಕೈಪಿಡಿಯಲ್ಲಿ ಈ ವಿಷಯಕ್ಕೆ ಜಾಗ ಸಿಗದಿದ್ದುದು ನಷ್ಟವೇನಲ್ಲ. ಅದರಲ್ಲಿ ನಲವತ್ತು ಪುಟ ತಮ್ಮ ಭಾವಚಿತ್ರಗಳಿಗೇ ಬೇಕಾಗಿತ್ತು.

ಮಧ್ಯಾಹ್ನಕ್ಕೆ ಹೊಳೆ ಸಿಕ್ಕಿತು. ಇವರು ಪ್ಯಾಂಟು ಮಡಚಿ, ಕೋಲು ಹಿಡಿದು, ಈಚೆಯಿಂದ ಆಚೆಗೆ ನಡೆದು ನೋಡಿ ಬಂದರು. ನಡುವೆ ತೊಡೆಯವರೆಗೆ ನೀರಿತ್ತು. ಹಾಗೇ ನಿಂತು ಯೋಚಿಸಿದರು. ನಾನು "ವಾಪಸ್ ಹೋಗೋಣ" ಎಂದೆ. ಅವರು ತಾಯಿಯ ಕಡೆ ನೋಡಿದರು, ಆಮೇಲೆ ಕರಿಯ ಕೊಳವೆಯ ಕಡೆ ನೋಡಿದರು. ಕೈಪಿಡಿಯ ಇಪ್ಪತ್ತಮೂರನೇ ಪುಟದಲ್ಲಿ ಬಾನೆಟ್ಟು ಮುಳುಗುವ ನೀರಿನಲ್ಲಿ ತಮ್ಮ ವಾಹನ ಸಾಗುವ ಚಿತ್ರವಿದೆ. "ಕೊಳವೆ ಇದೆಯಲ್ಲ" ಎಂದು ಹೇಳಿ ಹತ್ತಿದರು. ಮಾನ್ಯರೇ, ಈ ಮಾತನ್ನು ತಾವು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬ ಪ್ರಯಾಣಿಕನನ್ನೂ ಅಪಾಯಕ್ಕೆ ಒಡ್ಡದ ಮನುಷ್ಯ, ತಾಯಿಯನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ನೀರಿಗೆ ಇಳಿದದ್ದು ತಾವು ಅಂಟಿಸಿದ ಕೊಳವೆಯ ಮೇಲಿನ ನಂಬಿಕೆಯಿಂದ.

ನಡುಹೊಳೆಯಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿತು. ಇವರು ಆ ಕ್ಷಣವೇ ಕೀಲಿ ತಿರುಗಿಸಿ ಆರಿಸಿದರು. ಇನ್ನೆರಡು ಸುತ್ತು ಓಡಿದ್ದರೆ ನೀರು ಒಳಗೆ ಹೋಗಿ ಇಂಜಿನ್ನು ಒಡೆದೇ ಹೋಗುತ್ತಿತ್ತಂತೆ. ಬಾಗಿಲ ಸಂದಿಯಿಂದ ನೀರು ಒಳಗೆ ಬರತೊಡಗಿತು. ಇವರು ಸೊಂಟದವರೆಗೆ ನೆನೆದು, ಮುಂದೆ ಹೋಗಿ ಬಾನೆಟ್ಟು ಎತ್ತಿ, ಕೊಳವೆಯ ಹಿಂದೆ ಕೈ ತೂರಿಸಿ ಬಹಳ ಹೊತ್ತು ತಡಕಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಇದು ಎಲ್ಲಿಗೂ ಹೋಗಲ್ಲ" ಎಂದರು.

"ಯಾವುದು?"

"ಈ ಕೊಳವೆ. ಹಿಂದೆ ತೂತೇ ಇಲ್ಲ. ಬರೀ ಮೈಗೆ ಸ್ಕ್ರೂ ಹೊಡೆದಿದಾರೆ."

ಒಳಗಿನಿಂದ ಅತ್ತೆ, "ನನ್ನ ಚಪ್ಪಲಿ ತೇಲ್ತಿದೆ. ಮಾತು ಆಮೇಲೆ ಆಡಿ" ಎಂದರು. ಇವರು ಅವರನ್ನು ಬೆನ್ನ ಮೇಲೆ ಹೊತ್ತರು. ನಾನು ಪಕ್ಕದಲ್ಲಿ ಹಿಡಿದುಕೊಂಡು ನಡೆದೆ. ಕಾಲ ಕೆಳಗೆ ಪಾಚಿಗಟ್ಟಿದ ಕಲ್ಲು. ಒಮ್ಮೆ ಇವರ ಕಾಲು ಜಾರಿ ಮೂವರೂ ಪಕ್ಕಕ್ಕೆ ವಾಲಿದೆವು. ಅತ್ತೆ ಮಗನ ಕೊರಳನ್ನು ಹಿಡಿದ ಹಿಡಿತದ ಗುರುತು ಸಂಜೆಯವರೆಗೂ ಹೋಗಿರಲಿಲ್ಲ. ಆಚೆ ದಡಕ್ಕೆ ಬಂದ ಮೇಲೆ ಇವರು ತಾಯಿಯನ್ನು ಕಲ್ಲಿನ ಮೇಲೆ ಕೂರಿಸಿ, ಅವರ ಪಾದ ಒರೆಸಿದರು.

ಇನ್ನು ವಿಂಚು. ಅದರ ಬಗ್ಗೆ ನನ್ನದು ಹೊಗಳಿಕೆ ಮಾತ್ರ. ಇವರು ತಂತಿಯನ್ನು ದಡದ ದೊಡ್ಡ ಮರಕ್ಕೆ ಸುತ್ತಿ ಗುಂಡಿ ಒತ್ತಿದರು. ರಾಟೆ ಗಂಭೀರವಾಗಿ ಸುತ್ತಿತು, ತಂತಿ ಬಿಗಿಯಿತು, ಟಪ್ಪೆಂದು ಒಂದು ಸದ್ದು ಬಂತು, ಮತ್ತು ಬಂಪರು ವಿಂಚಿನ ಸಮೇತ ನೀರಿನ ಮೇಲೆ ಚಿಮ್ಮಿ ದಡಕ್ಕೆ ಬಂದು ಬಿತ್ತು. ವ್ಯಾನು ಮಾತ್ರ ಇದ್ದಲ್ಲೇ ಇತ್ತು. ತಮ್ಮ ಯಂತ್ರ ತನ್ನನ್ನು ಕಟ್ಟಿದ್ದ ವಸ್ತುವನ್ನು ಪ್ರಾಮಾಣಿಕವಾಗಿ ಎಳೆದು ತಂದಿತು. ಆ ವಸ್ತುವನ್ನು ವ್ಯಾನಿಗೆ ಕಟ್ಟುವುದು ತಾವು ಮರೆತದ್ದು ಅದರ ತಪ್ಪಲ್ಲ.

ಎರಡು ಗಂಟೆ ಕಳೆದ ಮೇಲೆ ಗುಡ್ಡದ ಕಡೆಯಿಂದ ಹಳೆಯ ಬಿಳಿ ಪಿಕಪ್ಪು ಒಂದು ಬಂತು. ಗುಡ್ಡದ ಆಚೆಯ ಫೋನ್ ಟವರು ರಿಪೇರಿ ಮಾಡುವವನದು. ಆ ಗಾಡಿಗೆ ದೀಪವೆಂದರೆ ಹುಟ್ಟಿನಿಂದ ಬಂದ ಎರಡೇ, ಅದರಲ್ಲೂ ಒಂದಕ್ಕೆ ಟೇಪು ಸುತ್ತಿತ್ತು. ಅವನು ಇಳಿದು, ಸೊಂಟದ ಮೇಲೆ ಕೈಯಿಟ್ಟು, ಹೊಳೆಯ ನಡುವೆ ಹಿಮಪರ್ವತ ಹೊತ್ತು ನಿಂತ ನಮ್ಮ ಅಲ್ಮೇರವನ್ನು ಸಾವಕಾಶ ನೋಡಿದ.

"ಇದು ಪ್ರದರ್ಶನಕ್ಕೆ ಹೋಗೋ ಗಾಡೀನಾ?" ಎಂದ.

"ಹೋಗಿ ಬಂದಿದ್ದು" ಎಂದರು ಅತ್ತೆ.

ಅವನು ನಗಲಿಲ್ಲ. ಚಪ್ಪಟೆ ಪಟ್ಟಿಯೊಂದನ್ನು ತಂದು, ನೀರಿನೊಳಗೆ ಕೂತು, ವ್ಯಾನಿನ ಅಸಲಿ ಎಲುಬಿಗೆ ಕಟ್ಟಿ, ತನ್ನ ಪಿಕಪ್ಪಿನಿಂದ ಹತ್ತು ನಿಮಿಷದಲ್ಲಿ ಆಚೆ ದಡಕ್ಕೆ ಎಳೆದು ಹಾಕಿದ. ಗಾಳಿಯ ಫಿಲ್ಟರನ್ನು ಬಿಚ್ಚಿ ಬಿಸಿಲಿನ ಕಲ್ಲಿನ ಮೇಲೆ ಒಣಹಾಕಿದರು. ಅದು ಒಣಗುವವರೆಗೆ ಅವನೂ ಇವರೂ ಛಾವಣಿಯ ಮೇಲೆ ಹತ್ತಿ, ದೀಪದ ಸಾಲು ಬಿಚ್ಚಿದರು, ತೊಟ್ಟಿ ಖಾಲಿ ಮಾಡಿ ಕೆಳಗಿಳಿಸಿದರು, ಡ್ರಾಯರುಗಳನ್ನು ಕಿತ್ತರು, ಎಲ್ಲಿಗೂ ಹೋಗದ ಕೊಳವೆಯನ್ನೂ ತೆಗೆದರು. "ಗಾಡಿ ಒಳ್ಳೇದೇ ಇದೆ, ಮೇಲಿರೋದೇ ತೊಂದ್ರೆ" ಎಂದ ಅವನು. ದೀಪಗಳನ್ನು ಅವನ ಟವರಿನ ಶೆಡ್ಡಿಗೆ ಕೊಟ್ಟೆವು. ಅಷ್ಟರಲ್ಲಿ ಅತ್ತೆ ಹತ್ತಲು ಮಗನ ಮಂಡಿಗಾಗಿ ಕಾಲಾಡಿಸುತ್ತಿದ್ದುದನ್ನು ಕಂಡು, ತಾನು ಟವರು ಹತ್ತುವಾಗ ಬಳಸುವ ಪಟ್ಟಿಯ ತುಂಡೊಂದನ್ನು ಬಾಗಿಲ ಪಕ್ಕದ ಕಂಬಕ್ಕೆ ಎರಡು ಬೋಲ್ಟು ಹಾಕಿ ಬಿಗಿದ. ಬೋಲ್ಟುಗಳು ನನ್ನ ಚಹಾಪುಡಿಯ ಡಬ್ಬಿಯಿಂದ ಸಿಕ್ಕವು. ಹತ್ತೊಂಬತ್ತು ವಾರದಲ್ಲಿ ತಮ್ಮ ಸಂಸ್ಥೆಯಿಂದ ಆಗದ ಕೆಲಸವನ್ನು ಅವನು ಒಂದು ಬೀಡಿ ಮುಗಿಯುವಷ್ಟರಲ್ಲಿ ಮಾಡಿದನೆಂದು ಹೇಳಿ ತಮ್ಮ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಬೀಡಿ ಸ್ವಲ್ಪ ಉದ್ದದ್ದಿತ್ತು.

"ಅಜ್ಜಿ, ನನ್ನ ಗಾಡೀಲಿ ಮೇಲಕ್ಕೆ ಬಿಡ್ಲಾ? ಬೇಗ ಆಗುತ್ತೆ" ಎಂದು ಅವನು ಕೇಳಿದ.

"ಬೇಡಪ್ಪ. ಮಗ ಕರ್ಕೊಂಡು ಹೋಗ್ತೀನಿ ಅಂದಿದಾನೆ. ಅವನೇ ಹೋಗ್ಲಿ."

ಇವರ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದಿದ್ದ ಬಣ್ಣ ಬಂತು. ಇಂಜಿನ್ನು ಎರಡನೇ ಸಲಕ್ಕೆ ಹಿಡಿಯಿತು. ಏರಿನಲ್ಲಿ ಇವರು ಅವಸರ ಮಾಡಲಿಲ್ಲ. ಕಲ್ಲು ಬಂದಲ್ಲಿ ನಿಂತು, ಇಳಿದು ನೋಡಿ, ಚಕ್ರ ಎಲ್ಲಿಡಬೇಕೆಂದು ಯೋಚಿಸಿ, ಮತ್ತೆ ಹತ್ತಿ, ತುಂಬಿದ ಬಸ್ಸಿನಲ್ಲಿ ಬಸುರಿಯೊಬ್ಬಳು ನಿಂತಿದ್ದಾಳೇನೋ ಎಂಬಂತೆ ಓಡಿಸಿದರು. ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಗುಡ್ಡದ ತಲೆ ಮುಟ್ಟಿದೆವು.

ಅಲ್ಲಿ ಇರುವುದಾದರೂ ಏನು? ಬೋಳು ಬಂಡೆ, ಸಣ್ಣ ಹುಲ್ಲು, ಗಾಳಿ, ಮತ್ತು ಮೊಣಕಾಲೆತ್ತರದ ಒಂದು ಸರ್ವೆ ಕಲ್ಲು. ಅತ್ತೆ ಪಟ್ಟಿ ಹಿಡಿದು ತಾವಾಗಿಯೇ ಇಳಿದರು. ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದರು. ಮೇಲಿನ ಬೆಳಕೂ ಕೆಳಗಿನ ಕಪ್ಪೂ ಬೇರೆಯಾಗುವ ಗೆರೆಯಷ್ಟೇ ಅವರಿಗೆ ಕಾಣುತ್ತಿತ್ತು. ಕಣಿವೆ ಕಾಣಲಿಲ್ಲ. ಕಲ್ಲು ಪಕ್ಕದಲ್ಲೇ ಇದ್ದರೂ ಕಾಣಲಿಲ್ಲ. ನಾನು ಕೈ ಹಿಡಿದು ಅದರ ಬಳಿ ಕೂರಿಸಿದೆ. ಅವರು ಮೇಲೆ ಕೊರೆದ ಅಂಕಿಗಳನ್ನು ಬೆರಳಿನಿಂದ ಓದಿದರು, ಆಮೇಲೆ ನೆಲಕ್ಕೆ ತಾಗುವಷ್ಟು ಕೆಳಗೆ, ಹುಲ್ಲನ್ನು ಸರಿಸಿ, ಏನನ್ನೋ ಹುಡುಕಿ, ಅಲ್ಲಿ ಕೈ ನಿಲ್ಲಿಸಿದರು. ಬಗ್ಗಿ ನೋಡಿದರೆ ಒಂದು ಸೌಟಿನ ಚಿತ್ರ, ಗೇಣಿಗಿಂತ ಚಿಕ್ಕದು, ವಕ್ರವಾಗಿ ಕೊರೆದದ್ದು.

"ಕಲ್ಲು ನಿಲ್ಲಿಸಿದ ದಿನ ಎಲ್ಲರೂ ಹೆಸರು ಕೆತ್ತಿದ್ರು. ಅವೆಲ್ಲ ಅಳಿಸಿ ಹಾಕಬೇಕು ಅಂತ ಆಫೀಸರು ಹೇಳಿ ಅಳಿಸಿಬಿಟ್ರು. ನನಗೆ ಆಗ ಬರೆಯೋಕೆ ಬರ್ತಿರಲಿಲ್ಲ. ಉಳಿ ಕೊಟ್ರು, ನಾನು ಸೌಟು ಕೆತ್ತಿದೆ. ಅದು ಹೆಸರು ಅಂತ ಆಫೀಸರಿಗೆ ಗೊತ್ತಾಗಲಿಲ್ಲ" ಎಂದರು.

ಆಮೇಲೆ ನನಗೆ, "ನೀನು ಆಫೀಸಲ್ಲಿ ಬರೀತಿದ್ದೆಯಲ್ಲ, ಹಾಗೆ ಹೇಳು. ಕೆಳಗೆ ಏನಿದೆ?" ಎಂದರು. ನಾನು ಹೇಳಿದೆ. ಕಣಿವೆಯಲ್ಲಿ ಹೊಳೆ ಎರಡು ಕವಲಾಗಿದೆ, ಬಲಗಡೆಯದು ದೊಡ್ಡದು, ಆಚೆ ಮೂರು ಗುಡ್ಡ, ನಡುವಿನದರ ನೆತ್ತಿ ಚಪ್ಪಟೆ, ಮೇಲೆ ಒಂದು ಟವರು. "ಟವರು ಬಿಡು, ಅದು ನನ್ನ ಕಾಲದ್ದಲ್ಲ. ಎಡಗಡೆ ಕವಲಿನ ಪಕ್ಕ ಕೆಂಪು ಮಣ್ಣು ಕುಸಿದಿರಬೇಕು ನೋಡು" ಎಂದರು. ಕುಸಿದಿತ್ತು. ಹೀಗೆ ನಾನು ಕಂಡದ್ದನ್ನು ಹೇಳುತ್ತಾ, ಅವರು ನೆನಪಿನಿಂದ ತಿದ್ದುತ್ತಾ, ಬಿಸಿಲು ಹೋಗುವವರೆಗೆ ಕೂತೆವು.

ನಮ್ಮ ಮನೆಯವರು ದೂರದಲ್ಲಿ ಟೈರಿಗೆ ಗಾಳಿ ತುಂಬುವ ಪಂಪು ಹಿಡಿದು, ತುಂಬದೆ, ನಮಗೆ ಬೆನ್ನು ಹಾಕಿ ನಿಂತಿದ್ದರು. ಕೊನೆಗೆ ಬಂದು, "ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಕಾಣ್ತಿತ್ತು ಅಮ್ಮ" ಎಂದರು.

ಅತ್ತೆ ಸಮಾಧಾನ ಹೇಳುವ ಜಾತಿಯವರಲ್ಲ. "ಕಾಣ್ತಿತ್ತು" ಎಂದರು. "ಅವರು ಕೇಳಿದಾಗ ಬೇಡ ಅನ್ನಬೇಕಿತ್ತು ನೀನು. ನಡೆಯೋದನ್ನ ಇಲ್ಲೇ ಕಲಿತೆ, ಅದೊಂದನ್ನ ಎಲ್ಲೂ ಕಲೀಲಿಲ್ಲ." ಆಮೇಲೆ ಮಗನ ತೋಳು ತಡಕಿ ಹಿಡಿದು, "ಚೆನ್ನಾಗಿ ಓಡಿಸಿದೆ" ಎಂದರು.

ಮಾನ್ಯರೇ, ಇಲ್ಲಿ ಒಂದು ವಾಕ್ಯವನ್ನು ಮಾತ್ರ ಮರ್ಯಾದೆಯ ಪದಗಳಿಲ್ಲದೆ ಬರೆಯುತ್ತೇನೆ. ಅತ್ತೆಗೆ ಉಳಿದಿದ್ದ ನೋಟವನ್ನು ನೀವು ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಿಲ್ಲಿಸಿ ಕಳೆದಿರಿ.

ಈಗ ಮತ್ತೆ ಕ್ರಮಕ್ಕೆ ಬರುತ್ತೇನೆ. ಊರಿಗೆ ಹಿಂತಿರುಗಿ ಖಾತರಿ ಪತ್ರ ತೆರೆದು ನೋಡಿದಾಗ, ಅದರ ಕೊನೆಯ ಪುಟದಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, "ಡಾಂಬರು ರಸ್ತೆಯ ಹೊರಗೆ ಬಳಸಿದಲ್ಲಿ ಈ ಖಾತರಿ ಅನ್ವಯಿಸುವುದಿಲ್ಲ" ಎಂದು ಕಂಡೆ. ದಾರಿ ಇಲ್ಲದಲ್ಲೇ ನನ್ನ ದಾರಿ ಎಂದು ಬೆನ್ನ ಮೇಲೆ ಬರೆದು, ದಾರಿ ಬಿಟ್ಟರೆ ನಮ್ಮದೇನಿಲ್ಲ ಎಂದು ಹೊಟ್ಟೆಯೊಳಗೆ ಬರೆಯುವ ಇಂಥ ನಿಖರತೆಯನ್ನು ನಾನು ಮೂವತ್ತೊಂದು ವರ್ಷದ ಸರಕಾರಿ ನೌಕರಿಯಲ್ಲೂ ಕಾಣಲಿಲ್ಲ. ತಮ್ಮಂಥವರು ನಮ್ಮ ಇಲಾಖೆಯಲ್ಲಿದ್ದಿದ್ದರೆ, ನಲ್ಲಿಯನ್ನು ತೆರೆದಲ್ಲಿ ನೀರಿನ ಸರಬರಾಜು ಅನ್ವಯಿಸುವುದಿಲ್ಲವೆಂದು ಒಂದೇ ಆದೇಶ ಹೊರಡಿಸಿ ದೂರುಗಳನ್ನೇ ಇಲ್ಲವಾಗಿಸುತ್ತಿದ್ದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮೂರು ವಾರದ ಮೇಲೆ ತಾವು ಹೆಚ್ಚುವರಿಯಾಗಿ ಇಟ್ಟುಕೊಂಡ ಹದಿನಾರು ವಾರಗಳನ್ನು, ಬಳಸಿದ ಸ್ಥಿತಿಯಲ್ಲಿದ್ದರೂ ಚಿಂತೆಯಿಲ್ಲ, ದಯವಿಟ್ಟು ಹಿಂತಿರುಗಿಸಬೇಕು. ಅದು ತಮ್ಮ ನಿಯಮಾವಳಿಯಲ್ಲಿ ಇಲ್ಲವೆಂದಾದರೆ, ಕೊನೆಯ ಒಂದು ದಿನವನ್ನಾದರೂ ಕೊಡಬೇಕು, ಅದೂ ಬೆಳಗಿನ ಹೊತ್ತಿನದು, ಕಣಿವೆಯಲ್ಲಿ ಮಂಜಿಲ್ಲದ್ದು. ಅದೂ ಆಗದಿದ್ದರೆ, ಇನ್ನು ಮುಂದೆ ತಾವು ಅಂಟಿಸುವ ಕೊಳವೆಗಳ ಇನ್ನೊಂದು ತುದಿಯನ್ನು ಎಲ್ಲಿಗಾದರೂ ಸೇರಿಸಬೇಕು. ಇಂಜಿನ್ನಿಗೆ ಸೇರಿಸುವುದು ಕಷ್ಟವಾದರೆ ತಮ್ಮ ಕಿವಿಗಾದರೂ ಆದೀತು, ಗ್ರಾಹಕರು ಹೊಳೆಯ ನಡುವೆ ನಿಂತು ಆಡುವ ಮಾತು ನೇರವಾಗಿ ತಲುಪುತ್ತದೆ. ತಾವೇ ಒಮ್ಮೆ ಆ ಹೊಳೆಗೆ ಬಂದು ತೊಡೆಮಟ್ಟದ ನೀರಿನಲ್ಲಿ ಕೂತು ಕೈಪಿಡಿಯ ಇಪ್ಪತ್ತಮೂರನೇ ಪುಟವನ್ನು ಗಟ್ಟಿಯಾಗಿ ಓದುವುದಾದರೆ, ಒಣ ಟವೆಲ್ಲು ನಾವು ತರುತ್ತೇವೆ.

ನಮ್ಮ ಮನೆಯವರಲ್ಲಿ ಒಂದು ಬದಲಾವಣೆಯಾಗಿದೆ ಎಂಬುದನ್ನೂ ತಿಳಿಸಬೇಕು. ಅವರು ಈಗ "ಬೇಡ" ಎನ್ನಲು ಕಲಿಯುತ್ತಿದ್ದಾರೆ. ಮೊದಮೊದಲು ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದರು. ಈಗ ಮನೆಗೆ ಬಂದ ಸೋಪಿನ ಪುಡಿ ಮಾರುವವನಿಗೂ, ವಿಮೆಯವನಿಗೂ ಹೇಳಿದ್ದಾರೆ. ನಿನ್ನೆ ನನಗೂ ಒಮ್ಮೆ ಹೇಳಿ, ಹೇಳಿದ ಮೇಲೆ ತಾವೇ ಬೆಚ್ಚಿದರು. ಮಂಚವನ್ನು ತಗ್ಗಿಸಿದ್ದಾರೆ. ಹಿಮಪರ್ವತವನ್ನು ಕೆರೆದು ತೆಗೆದಿದ್ದಾರೆ. ಅತ್ತೆಗೆ ಈಗ ಬೆಳಕು ಕತ್ತಲೆಯ ಭೇದ ಮಾತ್ರ ಗೊತ್ತಾಗುತ್ತದೆ. ಆದರೂ ತಿಂಗಳಿಗೊಮ್ಮೆ ಎಲ್ಲಾದರೂ ದಾರಿಯಿಲ್ಲದ ಕಡೆಗೆ ಹೊರಡಿಸುತ್ತಾರೆ. ಮುಂದಿನ ಸೀಟಿನಲ್ಲಿ ಕೂತು, ಚಕ್ರದ ಸದ್ದಿನಿಂದಲೇ "ಇದು ಜಲ್ಲಿ, ಇದು ಒಣ ಜೇಡಿ, ಇಲ್ಲಿ ನಿಧಾನ" ಎಂದು ಹೇಳುತ್ತಾರೆ. ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಾರೆ.

ತಮ್ಮ ಪ್ರಶಸ್ತಿ ಫಲಕಗಳು ನೂರಾಗಲಿ, ಅವುಗಳ ಭಾರಕ್ಕೆ ಗೋಡೆ ತಡೆಯಲಿ ಎಂದು ಹಾರೈಸುತ್ತಾ, ಒಮ್ಮೆ ಮಾತ್ರ ವಿಶ್ವಾಸವಿಟ್ಟ,

ತಮ್ಮ ವಿಶ್ವಾಸಿ,
ದೂರು ವಿಭಾಗದ ನಿವೃತ್ತ ಗುಮಾಸ್ತೆ

ಮರೆತ ಮಾತು: ಮೊನ್ನೆ ತಮ್ಮ ಕಚೇರಿಯಿಂದ ಹೆಣ್ಣುಮಗಳೊಬ್ಬಳು ಫೋನು ಮಾಡಿ, ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದಳು. ಫೋನು ಎತ್ತಿದ್ದು ಅತ್ತೆ. ಒಂದಕ್ಕಿಂತ ಕೆಳಗೆ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲವೆಂದಳು. ಹಾಗಾದರೆ ನಕ್ಷತ್ರ ನನಗೆ ಕಾಣುವುದಿಲ್ಲ, ಸೊಸೆಗೆ ಹೇಳಿ ಬರೆಸಿ ಕಳಿಸುತ್ತೇನೆ ಎಂದು ಅತ್ತೆ ಫೋನು ಇಟ್ಟರು. ತಾವು ಕೇಳಿದ್ದ ಆ ಅಭಿಪ್ರಾಯ ಇದೇ. ತಮ್ಮ ಜಾಲತಾಣದಲ್ಲಿ ಇದಕ್ಕೆ ಎರಡೇ ಸಾಲಿನ ಜಾಗವಿದೆಯೆಂದು ಕೇಳಿದೆ. ಮೊದಲ ಎರಡು ಸಾಲು ಹಾಕಿಕೊಳ್ಳಿ, ಅದರಲ್ಲಿ ತಮ್ಮ ಹೊಗಳಿಕೆಯೇ ಇದೆ. ಉಳಿದದ್ದನ್ನು ಪತ್ರಿಕೆಯವರು ಹಾಕುತ್ತಾರೆ.